ಎಸ್ ಅಕ್ಷರ ಸವೆದರೆ ಬಳ್ಳಾರಿಗೇನು?

ಒಂದು ರಾತ್ರಿ ಡಲ್ಲಾಸ್‌ನಿಂದ ತಂಗಿಯ ಮಗ ಫೋನ್ ಮಾಡಿದ. ಅಲ್ಲಿ ಬೆಳಗಿನ ಹೊತ್ತು. ಕಾರಿನ ನಾಲ್ಕೂ ಟೈರು ಬದಲಿಸಬೇಕಂತೆ. ಅಂಗಡಿಯವನು, ಆ ಮಾಡೆಲ್ ಈಗ ಹಳೇದಾಯಿತು, ಅದರ ‘ಪ್ಲಸ್’ ಬಂದಿದೆ, ಅದನ್ನೇ ಹಾಕಿಸಿಕೋ ಎನ್ನುತ್ತಿದ್ದಾನಂತೆ. “ಮಾವ, ನೀವು ಪೇಪರಿನಾಗ ಎಲ್ಲದರ ಬಗ್ಗೆ ಬರೀತೀರಲ್ಲ, ಹೇಳ್ರಿ. ಹಳೇದಕ್ಕೂ ಹೊಸದಕ್ಕೂ ಅಂಥಾ ಫರಕ್ ಏನೈತಿ?” ಅಂದ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಬೆಳೆದ ಹುಡುಗ. ಹತ್ತು ವರ್ಷ ಅಮೆರಿಕದಲ್ಲಿದ್ದರೂ ‘ಫರಕ್’ ಬಿಟ್ಟಿಲ್ಲ.

ವಿಡಿಯೊದಲ್ಲಿ ಟೈರನ್ನು ಹತ್ತಿರ ಹಿಡಿದು ತೋರಿಸಿದ. ಕಾಂಟಿನೆಂಟಲ್ ಕಂಪನಿಯ ಎಕ್ಸ್‌ಟ್ರೀಮ್‌ಕಾಂಟ್ಯಾಕ್ಟ್ ಡಿಡಬ್ಲ್ಯುಎಸ್ 06. ಅಮೆರಿಕದಲ್ಲಿ ‘ಆಲ್ ಸೀಸನ್ ಪರ್ಫಾರ್ಮೆನ್ಸ್’ ಎಂದು ಕರೆಯುವ ಜಾತಿ. ಅಂದರೆ ವೇಗಕ್ಕೂ ಆಗಬೇಕು, ಎಲ್ಲ ಕಾಲಕ್ಕೂ ಆಗಬೇಕು. ಅದರಲ್ಲೊಂದು ಚಂದದ ಜಾಣ್ಮೆ ಇದೆ. ನೆಲಕ್ಕೆ ತಾಗುವ ಮೈಮೇಲೆಯೇ ಡಿ, ಡಬ್ಲ್ಯು, ಎಸ್ ಎಂಬ ಮೂರು ಇಂಗ್ಲಿಷ್ ಅಕ್ಷರ ಅಚ್ಚಾಗಿವೆ. ಡಿ ಒಣ ರಸ್ತೆಗೆ, ಡಬ್ಲ್ಯು ಒದ್ದೆ ರಸ್ತೆಗೆ, ಎಸ್ ಹಿಮಕ್ಕೆ. ಮೂರರ ಆಳ ಬೇರೆ ಬೇರೆ. ಟೈರು ಸವೆಯುತ್ತ ಹೋದಂತೆ ಮೊದಲು ಎಸ್ ಅಳಿಸುತ್ತದೆ, ಇನ್ನು ಹಿಮದಲ್ಲಿ ನನ್ನನ್ನು ನಂಬಬೇಡ ಎಂದು ಟೈರೇ ಹೇಳಿದ ಹಾಗೆ. ಆಮೇಲೆ ಡಬ್ಲ್ಯು. ಕೊನೆಗೆ ಡಿ ಕೂಡ ಹೋದರೆ ಟೈರನ್ನೇ ಎಸೆಯಬೇಕು. “ಎಸ್ ಪೂರ್ತಿ ಹೋಗೈತಿ ಮಾವ, ಡಬ್ಲ್ಯು ಅರ್ಧ” ಅಂದ.

ನಾನು ನಕ್ಕೆ. ಆ ಹೊತ್ತಿಗೆ ನನ್ನ ಕಾರಿನ ಟೈರೂ ಮುಗಿಯುತ್ತ ಬಂದಿತ್ತು. ನಮ್ಮೂರಿನ ಟೈರ್ ಅಂಗಡಿಯವರೂ ನನಗೆ ಅದೇ ಪ್ರಶ್ನೆ ಹಾಕಿದ್ದರು: ಹಳೇ ಪ್ಯಾಟರ್ನ್ ಬೇಕೋ, ಹೊಸಾದೋ? ಬಳ್ಳಾರಿಯಲ್ಲಿ ನಿಂತು ಎಸ್ ಅಕ್ಷರದ ಬಗ್ಗೆ ಯೋಚಿಸುವುದು ಸ್ವಲ್ಪ ತಮಾಷೆಯೇ. ಆದರೆ ಯೋಚಿಸಿದಷ್ಟೂ, ಟೈರಿನ ಹಳೆ ಹೊಸ ಆವೃತ್ತಿಗಳ ಲೆಕ್ಕ ಪೂರ್ತಿ ಅಡಗಿರುವುದು ಆ ಅಕ್ಷರದಲ್ಲೇ ಅನ್ನಿಸಿತು.

ಎಲ್ಲ ಋತುವಿನ ಟೈರು ಹುಟ್ಟಿದ್ದೇ ಹಿಮದ ಕಾರಣಕ್ಕೆ. ಚಳಿ ದೇಶಗಳಲ್ಲಿ ಬೇಸಿಗೆಗೊಂದು ಜೊತೆ, ಚಳಿಗಾಲಕ್ಕೊಂದು ಜೊತೆ ಟೈರು ಇಟ್ಟುಕೊಳ್ಳುವ ರೂಢಿ. ವರ್ಷಕ್ಕೆರಡು ಸಲ ಬಿಚ್ಚಿ ಹಾಕುವ ಆ ತಾಪತ್ರಯ ತಪ್ಪಿಸಲು ಗುಡ್‌ಇಯರ್ ಕಂಪನಿ 1977ರಲ್ಲಿ ‘ಟಿಯೆಂಪೊ’ ಎಂಬ ಟೈರು ತಂದಿತು. ಅಮೆರಿಕದ ಮೊದಲ ಆಲ್ ಸೀಸನ್ ರೇಡಿಯಲ್ ಅದು. ಕಾಕತಾಳೀಯ ಎಂದರೆ, ಜೆಕೆ ಟೈರ್ ಕಂಪನಿ ರೇಡಿಯಲ್ ತಂತ್ರವನ್ನು ಭಾರತಕ್ಕೆ ತಂದದ್ದೂ ಅದೇ 1977ರಲ್ಲಿ. ಮುಂದೆ 1997ರಲ್ಲಿ ಮೈಸೂರಿನ ವಿಕ್ರಾಂತ್ ಟೈರ್ಸ್ ಅನ್ನು ಕೊಂಡವರೂ ಅವರೇ. ಅಮೆರಿಕದವರು ಎಲ್ಲ ಋತುವನ್ನೂ ಒಂದೇ ರಬ್ಬರಿಗೆ ತುಂಬಿಸುತ್ತಿದ್ದಾಗ ನಾವಿನ್ನೂ ನೈಲಾನ್ ಟೈರು, ಒಳಗೊಂದು ಟ್ಯೂಬು, ಡಿಕ್ಕಿಯಲ್ಲೊಂದು ಜಾಕು ಇಟ್ಟುಕೊಂಡು ಓಡಾಡುತ್ತಿದ್ದೆವು.

ರಬ್ಬರಿನ ಸ್ವಭಾವ ತಿಳಿಯಲು ಕೊಬ್ಬರಿ ಎಣ್ಣೆ ನೆನೆಸಿಕೊಂಡರೆ ಸಾಕು. ಮಲೆನಾಡಿನ ಚಳಿಗೆ ಅದು ಬಾಟಲಿಯಲ್ಲೇ ಕಲ್ಲಾಗುತ್ತದೆ, ಬಳ್ಳಾರಿಯಲ್ಲಿ ನೀರಾಗಿಯೇ ಇರುತ್ತದೆ. ಟೈರಿನ ರಬ್ಬರ್ ಅಷ್ಟು ಕರಗುವುದಿಲ್ಲ ನಿಜ, ಆದರೆ ಸಾಮಾನ್ಯ ಬೇಸಿಗೆ ಟೈರು 7 ಡಿಗ್ರಿ ಸೆಲ್ಸಿಯಸ್‌ನ ಕೆಳಗೆ ಬಿರುಸಾಗತೊಡಗುತ್ತದೆ. ಬಿರುಸಾದ ರಬ್ಬರ್ ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗಿಗೆ ಮೈಯೊಡ್ಡುವುದಿಲ್ಲ. ಹಿಡಿತ ತಪ್ಪುವುದು ಅಲ್ಲೇ. ಆಲ್ ಸೀಸನ್ ಟೈರಿನ ರಬ್ಬರನ್ನು ಚಳಿಯಲ್ಲೂ ಮೆತ್ತಗಿರುವ ಹಾಗೆ ಬೆರೆಸುತ್ತಾರೆ. ನೆಲಕ್ಕೆ ತಾಗುವ ಅದರ ರಬ್ಬರ್ ಉಬ್ಬುಗಳ, ಅಂದರೆ ಬಟನ್‌ಗಳ ಮೇಲೆ ಬ್ಲೇಡಿನಲ್ಲಿ ಗೀರಿದಂಥ ಸಣ್ಣ ಸೀಳು ಬಿಡುತ್ತಾರೆ. ಈ ಸೀಳುಗಳ ಅಂಚು ಹಿಮವನ್ನು ಕಚ್ಚಿ ಹಿಡಿಯುತ್ತದೆ. ಆದರೆ ಯಾವ ಅನುಕೂಲವೂ ಪುಕ್ಕಟೆ ಬರುವುದಿಲ್ಲ. ಮೆತ್ತನೆಯ, ಸೀಳು ಸೀಳಾದ ಬಟನ್ ಕಾದ ರಸ್ತೆಯಲ್ಲಿ ಅಲುಗಾಡುತ್ತದೆ, ಬಿಸಿಯಾಗುತ್ತದೆ, ಬೇಗ ಸವೆಯುತ್ತದೆ.

ಬಳ್ಳಾರಿಯ ಡಿಸೆಂಬರ್ ನಸುಕಿನಲ್ಲಿ ನಾವು ಮಫ್ಲರ್ ಸುತ್ತಿಕೊಂಡು ‘ಏನ್ ಚಳಿ’ ಅನ್ನುತ್ತೇವೆ, ಪಾದರಸ ಮಾತ್ರ ಸಾಮಾನ್ಯವಾಗಿ 7ರ ಹತ್ತಿರವೂ ಸುಳಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಅದೇ ಪಾದರಸ 40 ದಾಟಿ ಕೂರುತ್ತದೆ. ಊರಿನ ನಡುವೆ ಎರಡು ಬಂಡೆಗುಡ್ಡ ಒಲೆಯ ಕಲ್ಲಿನ ಹಾಗೆ ಕಾಯುತ್ತವೆ. ತಾರು ರಸ್ತೆಯಂತೂ ಗಾಳಿಗಿಂತ 20 ಡಿಗ್ರಿ ಹೆಚ್ಚೇ ಕಾದಿರುತ್ತದೆ. ಹಾಗಾಗಿ ಆಲ್ ಸೀಸನ್ ಎಂಬ ಮಾತಿನಲ್ಲಿ ಹಿಮಕ್ಕೆ ಮೀಸಲಾದ ಭಾಗ ನಮಗೆ ದಂಡ. ಡಲ್ಲಾಸ್‌ನ ಕತೆ ಬೇರೆ. ಬೇಸಿಗೆಯಲ್ಲಿ ಅದು ಬಳ್ಳಾರಿಯ ತಂಗಿಯೇ, ಆದರೆ 2021ರ ಫೆಬ್ರುವರಿಯಲ್ಲಿ ಟೆಕ್ಸಸ್ ರಾಜ್ಯವಿಡೀ ಹಿಮಗಟ್ಟಿ, ಕರೆಂಟ್ ಹೋಗಿ, ಜನ ದಿನಗಟ್ಟಲೆ ನಡುಗಿದ್ದು ನಮ್ಮ ಹುಡುಗನಿಗೆ ಚೆನ್ನಾಗಿ ನೆನಪಿದೆ. ವರ್ಷಕ್ಕೆ ಎರಡು ದಿನವಾದರೂ ಸರಿ, ಅವನಿಗೆ ಎಸ್ ಬೇಕು.

ಈಗ ಹಳೇದು ಹೊಸದರ ಪ್ರಶ್ನೆಗೆ ಬರೋಣ. ಡಿಡಬ್ಲ್ಯುಎಸ್ 06 ಬಂದದ್ದು 2015ರಲ್ಲಿ, ಅದರ ಪ್ಲಸ್ 2021ರಲ್ಲಿ. ಎರಡರ ಪಕ್ಕೆಯ ಮೇಲೂ ಅಮೆರಿಕದ ಸರ್ಕಾರಿ ಶ್ರೇಣಿ ಅಚ್ಚಾಗಿದೆ: 560, ಎಎ, ಎ. ಹಳೆಯದರಲ್ಲೂ ಅದೇ, ಹೊಸದರಲ್ಲೂ ಅದೇ. ಕಂಪನಿ ಕೊಡುವ ಬಾಳಿಕೆಯ ಗ್ಯಾರಂಟಿಯೂ ಎರಡಕ್ಕೂ 50,000 ಮೈಲಿ, ಅಂದರೆ ಸುಮಾರು 80,000 ಕಿಲೋಮೀಟರ್. ಅಳಿಯ ಇದನ್ನು ಕೇಳಿ, “ಮತ್ತೆ ಪ್ಲಸ್ ಅಂತ ಯಾತಕ್ಕ ರೊಕ್ಕ ತಗೊತಾರ?” ಅಂದ. ನ್ಯಾಯವಾದ ಪ್ರಶ್ನೆ. ಉತ್ತರ ಹೇಳಬೇಕಾದರೆ ಆ ಅಂಕಿಗಳ ಅರ್ಥ ಗೊತ್ತಿರಬೇಕು.

560 ಎಂಬುದು ಸವೆತದ ಅಂಕಿ. 100 ಅಂಕದ ಒಂದು ಮಾದರಿ ಟೈರಿಗಿಂತ ಇದು ಐದೂವರೆ ಪಟ್ಟಿಗೂ ಹೆಚ್ಚು ಬಾಳುತ್ತದೆ ಎಂಬ ಲೆಕ್ಕ. ಇದರ ಪರೀಕ್ಷೆ ನಡೆಯುವುದೂ ಟೆಕ್ಸಸ್‌ನಲ್ಲೇ, ಸ್ಯಾನ್ ಏಂಜೆಲೊ ಎಂಬ ಊರಿನ ಸುತ್ತ. ಸುಮಾರು 640 ಕಿಲೋಮೀಟರಿನ ರಸ್ತೆಯಲ್ಲಿ ಕಾರುಗಳನ್ನು ಸಾಲಾಗಿ ಓಡಿಸುತ್ತ ಒಟ್ಟು 7,200 ಮೈಲಿ ಮುಗಿಸುತ್ತಾರೆ. ಅಷ್ಟರಲ್ಲಿ ಸವೆದದ್ದನ್ನು ಅಳೆದು ಉಳಿದದ್ದನ್ನು ಲೆಕ್ಕ ಹಾಕುತ್ತಾರೆ. ಅಂಕಿ ಕೊಡುವವರು ಆಯಾ ಕಂಪನಿಯವರೇ. ಹಾಗಾಗಿ ಒಂದು ಕಂಪನಿಯ 500ನ್ನು ಇನ್ನೊಂದರ 400ರ ಪಕ್ಕ ಇಟ್ಟು ತೂಗುವುದು ತರಕಾರಿ ಅಂಗಡಿಯ ತಕ್ಕಡಿಯಲ್ಲಿ ಬಂಗಾರ ತೂಗಿದ ಹಾಗೆ. ಎಎ ಎಂಬುದು ಒದ್ದೆ ರಸ್ತೆಯಲ್ಲಿ ನೇರವಾಗಿ ಬ್ರೇಕ್ ಹಾಕಿದಾಗಿನ ಹಿಡಿತ. ತಿರುವಿನ ಹಿಡಿತಕ್ಕೂ ಇದಕ್ಕೂ ಸಂಬಂಧವಿಲ್ಲ. ಕೊನೆಯ ಎ ಶಾಖದ್ದು. ಗಂಟೆಗೆ 115 ಮೈಲಿಗಿಂತ, ಅಂದರೆ 185 ಕಿಲೋಮೀಟರಿಗಿಂತ ಹೆಚ್ಚಿನ ವೇಗದಲ್ಲೂ ಟೈರು ತನ್ನ ಬಿಸಿಯನ್ನು ತಾನೇ ತಾಳಿಕೊಂಡರೆ ಎ. ಅದಕ್ಕಿಂತ ಕೆಳಗೆ ಬಿ, ಸಿ.

ಇವು ಮೂರೂ ತೀರಾ ದಪ್ಪ ಅಳತೆಗಳು. ಪರೀಕ್ಷೆಯಲ್ಲಿ 86 ತೆಗೆದವನೂ ಡಿಸ್ಟಿಂಕ್ಷನ್, 98 ತೆಗೆದವನೂ ಡಿಸ್ಟಿಂಕ್ಷನ್. ಹಳೇ ಹೊಸ ಆವೃತ್ತಿಯ ನಡುವಿನ ವ್ಯತ್ಯಾಸ ಇರುವುದು ಈ ಒಳಗಿನ ಅಂತರದಲ್ಲಿ. ರಬ್ಬರಿಗೆ ಬೆರೆಸುವ ಸಿಲಿಕಾದ ಪ್ರಮಾಣ ಬದಲಾಗಿರುತ್ತದೆ, ಸೀಳುಗಳ ಆಕಾರ ಬದಲಾಗಿರುತ್ತದೆ, ನೀರು ಹರಿಯುವ ಕಾಲುವೆ ಕೊಂಚ ಅಗಲವಾಗಿರುತ್ತದೆ, ಒಳಗಿನ ಉಕ್ಕಿನ ಪಟ್ಟಿಯ ಬಾಗು ತಿದ್ದಿರುತ್ತಾರೆ. ಸಿಲಿಕಾ ಎಂದೆನಲ್ಲ, ಕಾರಿನ ಟೈರಿನಲ್ಲಿ ಈಚಿನ ನಾಲ್ಕು ದಶಕದ ನಿಜವಾದ ದೊಡ್ಡ ಬದಲಾವಣೆ ಎಂದರೆ ಅದೇ. ಹಿಡಿತ, ಬಾಳಿಕೆ, ಹಗುರವಾಗಿ ಉರುಳುವುದು, ಈ ಮೂರು ಒಂದೇ ಹೊದಿಕೆಯ ಕೆಳಗೆ ಮಲಗಿದ ಮೂರು ಮಕ್ಕಳ ಹಾಗೆ. ಒಬ್ಬ ಹೊದಿಕೆ ಎಳೆದರೆ ಇನ್ನೊಬ್ಬನ ಕಾಲು ಹೊರಗೆ. ಹಿಡಿತ ಬೇಕೆಂದು ಮೆತ್ತಗೆ ಮಾಡಿದರೆ ಬಾಳಿಕೆ ಹೋಗುತ್ತದೆ, ಗಟ್ಟಿ ಮಾಡಿದರೆ ಮಳೆಯಲ್ಲಿ ಜಾರುತ್ತದೆ. 1990ರ ದಶಕದ ಆರಂಭದಲ್ಲಿ ಮಿಶಲಿನ್ ಕಂಪನಿ ಕಪ್ಪು ಮಸಿಯ ಬದಲು ಬಹುಪಾಲು ಸಿಲಿಕಾ ಬೆರೆಸಿ ಹೊದಿಕೆಯನ್ನೇ ಕೊಂಚ ದೊಡ್ಡದು ಮಾಡಿತು. ಆಮೇಲೆ ಬಂದ ಪ್ಲಸ್‌ಗಳೆಲ್ಲ ಆ ಹೊದಿಕೆಯ ಅಂಚಿಗೆ ಒಂದೊಂದು ಬೆರಳಿನಷ್ಟು ಬಟ್ಟೆ ಹೊಲಿದ ಹಾಗೆ. ಬೇಡವೆನ್ನುವಂಥದ್ದೂ ಅಲ್ಲ, ಬೆರಗಾಗುವಂಥದ್ದೂ ಅಲ್ಲ.

ಇನ್ನೊಂದು ಮೋಸವನ್ನು ನಮಗೆ ನಾವೇ ಮಾಡಿಕೊಳ್ಳುತ್ತೇವೆ. ಹೊಸ ಆವೃತ್ತಿ ಹಾಕಿಸಿಕೊಂಡು ಬಂದವರೆಲ್ಲ ‘ಅಬ್ಬಾ, ಎಷ್ಟು ಸಾಫಾಗಿ ಹೋಗುತ್ತದೆ, ಸದ್ದೇ ಇಲ್ಲ’ ಎನ್ನುತ್ತಾರೆ. ಅವರು ಹೋಲಿಸುತ್ತಿರುವುದು ಸವೆದು ಎರಡು ಮೂರು ಮಿಲಿಮೀಟರಿಗೆ ಬಂದ ಹಳೆಯದನ್ನು ಎಂಟು ಮಿಲಿಮೀಟರಿನ ಹೊಸದರ ಜೊತೆಗೆ. ಅದೇ ಹಳೇ ಮಾಡೆಲ್‌ನ ಹೊಸ ಟೈರು ಹಾಕಿಸಿದ್ದರೂ ಅವರು ಅದೇ ಮಾತು ಹೇಳುತ್ತಿದ್ದರು.

ಡಿಡಬ್ಲ್ಯುಎಸ್ ನಮ್ಮ ಅಂಗಡಿಗಳಲ್ಲಿ ಕೇಳಿದರೆ ಸಿಗುವ ಮಾಲಲ್ಲ. 2020ರ ಜೂನ್‌ನಿಂದ ಹೊಸ ಟೈರುಗಳ ಆಮದಿಗೆ ಕೇಂದ್ರ ಸರ್ಕಾರದ ಪರವಾನಗಿ ಬೇಕು. ಆದರೆ ಹಳೇ ಹೊಸ ಎಂಬ ಜೋಡಿ ಇಲ್ಲೂ ಬೇಕಾದಷ್ಟಿದೆ. ಪ್ರೈಮಸಿ 3 ಹೋಗಿ 4 ಬಂತು, ಎಕ್ಸ್‌ಎಂ 2ಕ್ಕೆ ಪ್ಲಸ್ ಸೇರಿತು, ಟ್ರಿಪಲ್‌ಮ್ಯಾಕ್ಸ್‌ಗೆ 2 ಬಂತು, ಆಲ್ನಾಕ್ 4ಜಿಗೆ ಎಸ್ ಅಂಟಿಕೊಂಡಿತು. ಹೊಸದು ಬಂದ ಕೂಡಲೇ ಹಳೇದು ಮಾಯವಾಗುವುದಿಲ್ಲ, ಎರಡೂ ಕೆಲ ಕಾಲ ಒಂದೇ ಅಂಗಡಿಯ ಗೋಡೆಗೆ ಒರಗಿ ನಿಂತಿರುತ್ತವೆ. ನಮ್ಮವರು ಎಡವುವುದು ಅಲ್ಲೇ. ನಾನೂ ಎಡವಿದವನೇ.

ಕೆಲ ವರ್ಷಗಳ ಹಿಂದೆ ಒಂದು ಮೇ ತಿಂಗಳು ಸಿರುಗುಪ್ಪದಲ್ಲಿ ಬಂಧುಗಳ ಮನೆಯ ಮದುವೆ ಮುಗಿಸಿ ಬಳ್ಳಾರಿಗೆ ಬರುತ್ತಿದ್ದೆವು. ಕಾರಿನಲ್ಲಿ ಐದು ಜನ, ಡಿಕ್ಕಿಯಲ್ಲಿ ಬೀಗರು ಕೊಟ್ಟ ಸೋನಾ ಮಸೂರಿ ಚೀಲ. ಮಧ್ಯಾಹ್ನ ಎರಡು ಗಂಟೆ. ಸಿರುಗುಪ್ಪ ಬಿಡುವ ಮುಂಚೆ ಬಂಕ್‌ನಲ್ಲಿ ಗಾಳಿ ಚೆಕ್ ಮಾಡಿಸಿದ್ದೆ. ಕಾದ ಟೈರಿನಲ್ಲಿ 37 ಪಿಎಸ್‌ಐ ತೋರಿಸಿತು. ಇರಬೇಕಾದ್ದು 32, ಜಾಸ್ತಿ ಆಗಿದೆ ಎಂದು ಬಿಡಿಸಿದೆ. ದೊಡ್ಡ ಜಾಣನ ಹಾಗೆ. ತೆಕ್ಕಲಕೋಟೆ ಹತ್ತಿರ ಬರುವಷ್ಟರಲ್ಲಿ ಹಿಂದಿನ ಎಡಗಡೆ ಟೈರು ಢಮಾರ್ ಅಂತು. ಕಾರು ಹಾವಿನಂತೆ ಹೊರಳಿ, ಪುಣ್ಯಕ್ಕೆ ಎದುರಿಗೆ ಯಾವ ಲಾರಿಯೂ ಇಲ್ಲದೆ, ಮಣ್ಣಿಗಿಳಿದು ನಿಂತಿತು. ಯಾರಿಗೂ ಏಟಾಗಲಿಲ್ಲ. ಸ್ಟೆಪ್ನಿ ಹಾಕಿಕೊಂಡು ಊರಿನ ಪಂಚರ್ ಅಂಗಡಿಗೆ ಹೋದೆವು.

ಅಂಗಡಿಯ ಚಾಚಾ ಹರಿದ ಟೈರನ್ನು ಉರುಳಿಸಿ ನೋಡಿದರು. ಬಟನ್ ಅರ್ಧಕ್ಕಿಂತ ಹೆಚ್ಚೇ ಉಳಿದಿತ್ತು, ನಾನು ಅದನ್ನೇ ತೋರಿಸಿ ಕಂಪನಿಯನ್ನು ಬೈಯುತ್ತಿದ್ದೆ. ಅವರು ಮಾತಾಡದೆ ಹೆಬ್ಬೆರಳಿನಿಂದ ಪಕ್ಕೆಯ ರಬ್ಬರ್ ಒತ್ತಿ ಬಾಗಿಸಿದರು. ಬೇಸಿಗೆಯಲ್ಲಿ ಕೆರೆಯ ತಳ ಬಿರಿದ ಹಾಗೆ ಸಣ್ಣ ಬಿರುಕು ಎದ್ದು ಕಂಡವು. ಒದ್ದೆ ಬಟ್ಟೆಯಿಂದ ಒರೆಸಿ ಒಂದು ಕಡೆ ಬೆರಳಿಟ್ಟರು: 3914. “ಇದು ಸವೆದು ಸತ್ತಿಲ್ಲ ಸಾರ್, ಒಣಗಿ ಸತ್ತೈತಿ” ಅಂದರು.

ಆ ನಾಲ್ಕಂಕಿ ಟೈರಿನ ಜನ್ಮದಿನ. ಮೊದಲ ಎರಡು ಅಂಕಿ ವಾರ, ಕೊನೆಯ ಎರಡು ವರ್ಷ. 2014ರ 39ನೇ ವಾರ ಹುಟ್ಟಿದ ಟೈರನ್ನು ನಾನು 2018ರಲ್ಲಿ ಹೊಸದೆಂದು ಕೊಂಡಿದ್ದೆ. ಆಗ ಅದೇ ಟೈರಿನ ಹೊಸ ಆವೃತ್ತಿ ಬಂದಿತ್ತು. ಅಂಗಡಿಯವರು ‘ಹಳೇ ಪ್ಯಾಟರ್ನ್ ಸಾರ್, ಆಫರ್‌ನಾಗ ಐತಿ’ ಎಂದು ಕೊಟ್ಟಿದ್ದರು. ಯಾವ ಅಂಗಡಿ ಎಂದು ಇಲ್ಲಿ ಬರೆಯುವುದಿಲ್ಲ. ತಪ್ಪು ಅವರದೊಂದೇ ಅಲ್ಲ, ನಾನು ನೋಡಬೇಕಿತ್ತು.

ನಾಲ್ಕು ವರ್ಷ ಸುಮ್ಮನೆ ನಿಂತ ಟೈರಿಗೆ ಏನಾಗುತ್ತದೆ? ರಬ್ಬರಿನಲ್ಲಿ ಬಿರುಕು ತಡೆಯಲೆಂದು ಒಂದು ಬಗೆಯ ಮೇಣ ಬೆರೆಸಿರುತ್ತಾರೆ. ಟೈರು ಓಡುತ್ತ ಬಾಗಿ ಬಳುಕಿದಾಗ ಆ ಮೇಣ ಒಳಗಿನಿಂದ ಮೈಮೇಲೆ ಬಂದು ಹೊದಿಕೆಯಾಗುತ್ತದೆ. ಓಡದ ಟೈರಿಗೆ ಆ ರಕ್ಷಣೆ ಸರಿಯಾಗಿ ಸಿಗುವುದಿಲ್ಲ. ಅದರ ಮೇಲೆ ನಮ್ಮೂರಿನ ಅಂಗಡಿಗಳು ಟೈರನ್ನು ಫುಟ್‌ಪಾತಿನ ಮೇಲೆ, ಬಿಸಿಲಿಗೆ ಮೈಕೊಟ್ಟು ಪೇರಿಸಿರುತ್ತವೆ. ಗಾಳಿಯ ಆಮ್ಲಜನಕ ರಬ್ಬರನ್ನು ತಿನ್ನುವುದು ಶಾಖ ಹೆಚ್ಚಿದಷ್ಟೂ ಚುರುಕು. ಟೈರು ಕಂಪನಿಗಳು ಐದು ವರ್ಷದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಂದ ಪರೀಕ್ಷೆ ಮಾಡಿಸಿ, ಹತ್ತು ವರ್ಷವಾದರೆ ಚೆನ್ನಾಗಿ ಕಂಡರೂ ತೆಗೆದುಹಾಕಿ ಎನ್ನುತ್ತವೆ. ಅದು ಜಗತ್ತಿಗೆಲ್ಲ ಹೇಳುವ ಮಾತು. ಬಳ್ಳಾರಿಯ ಬಿಸಿಲಿಗೆ ನಾನು ಹತ್ತನ್ನು ಆರಕ್ಕೆ ಇಳಿಸಿಕೊಂಡಿದ್ದೇನೆ.

ಗಾಳಿಯ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಎಲ್ಲಕ್ಕಿಂತ ಅಗ್ಗದ ವಿಷಯ ಇದು. ಬೆಳಗಿನ ತಂಪಿನಲ್ಲಿ 25 ಡಿಗ್ರಿ ಇದ್ದಾಗ 32 ಹಾಕಿಸಿದ ಟೈರು, ಮಧ್ಯಾಹ್ನದ ಬಿಸಿಲಿನಲ್ಲಿ ಓಡಿ ಒಳಗಿನ ಗಾಳಿ 60 ಡಿಗ್ರಿಗೆ ಕಾದರೆ ತಾನಾಗಿ 37ಕ್ಕೆ ಏರುತ್ತದೆ. ಅದು ತಪ್ಪಲ್ಲ, ಕಾರು ಮಾಡುವವರು ಅದನ್ನು ಲೆಕ್ಕಕ್ಕೆ ಹಿಡಿದೇ 32 ಎಂದಿರುತ್ತಾರೆ. ಕಾದಾಗ 32ಕ್ಕೆ ಇಳಿಸಿದರೆ ಮಾರನೇ ದಿನ ಬೆಳಗ್ಗೆ ನೋಡಿ, 27 ಇರುತ್ತದೆ. ಗಾಳಿ ಕಡಿಮೆಯಾದ ಟೈರು ಹೆಚ್ಚು ಬಾಗುತ್ತದೆ, ಬಾಗಿದಷ್ಟೂ ಬಿಸಿ, ಬಿಸಿಯಾದಷ್ಟೂ ಒಳಗಿನ ಪದರ ಸಡಿಲ. ಒಣಗಿದ ಟೈರು, ಐದು ಜನ, ಅಕ್ಕಿ ಚೀಲ, ಬಿಡಿಸಿದ ಗಾಳಿ. ನನ್ನದು ಒಡೆಯದೆ ಇದ್ದಿದ್ದರೇ ಆಶ್ಚರ್ಯ. (ನೈಟ್ರೋಜನ್ ಹಾಕಿಸಿದರೆ ಇದೆಲ್ಲ ಇಲ್ಲ ಎನ್ನುವವರಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ, ಅದನ್ನು ಬಂಕ್‌ನಲ್ಲಿ ಪುಕ್ಕಟೆ ಕೊಡುತ್ತಾರೆ.)

ಇನ್ನು ನಮ್ಮ ರಸ್ತೆಗಳ ವಿಷಯ. ಟೈರು ಪರೀಕ್ಷೆ ಮಾಡುವವರು ಒಣ ಟ್ರ್ಯಾಕು, ನೀರು ನಿಲ್ಲಿಸಿದ ಟ್ರ್ಯಾಕು, ಹಿಮದ ಬಯಲು ಎಲ್ಲ ಇಟ್ಟುಕೊಂಡಿರುತ್ತಾರೆ. ಭತ್ತ ಹರವಿದ ರಸ್ತೆ ಮಾತ್ರ ಯಾರಲ್ಲೂ ಇಲ್ಲ. ಕೊಯ್ಲಿನ ಕಾಲದಲ್ಲಿ ಸಿರುಗುಪ್ಪದ ಕಡೆ ಹೋಗಿಬನ್ನಿ. ಅರ್ಧ ರಸ್ತೆಗೆ ಭತ್ತ ಹರವಿ, ಅಂಚಿಗೆ ಸಾಲಾಗಿ ಕಲ್ಲಿಟ್ಟಿರುತ್ತಾರೆ. ಆ ಕಾಳಿನ ಮೇಲೆ ಬ್ರೇಕ್ ಹಾಕಿದರೆ ಬೇರಿಂಗ್ ಗುಂಡುಗಳ ಮೇಲೆ ನಿಂತ ಹಾಗೆ. ಹಳೇ ಪ್ಯಾಟರ್ನ್ ಆದರೇನು, ಹೊಸದಾದರೇನು, ರಬ್ಬರು ರಸ್ತೆಗೆ ತಾಗಿದರೆ ತಾನೇ ಹಿಡಿತ? ರೈತರನ್ನು ಬೈದು ಪ್ರಯೋಜನವಿಲ್ಲ, ಕಣ ಇಲ್ಲದವರು ಎಲ್ಲಿ ಒಣಗಿಸಬೇಕು? ವೇಗ ಇಳಿಸುವುದೊಂದೇ ದಾರಿ.

ಕುರುಗೋಡಿನ ದಾರಿಯದು ಬೇರೆ ತರಹ. ನಾಟಿ ಕಾಲಕ್ಕೆ ಗದ್ದೆಯಿಂದ ಎದ್ದು ಬರುವ ಟ್ರ್ಯಾಕ್ಟರುಗಳು ಎರೆಮಣ್ಣನ್ನು ಮುದ್ದೆ ಮುದ್ದೆಯಾಗಿ ತಾರಿನ ಮೇಲೆ ಬಿಟ್ಟು ಹೋಗುತ್ತವೆ. ಒಣಗಿದಾಗ ಅದು ಇಟ್ಟಿಗೆ. ಒಂದು ಹನಿ ಮಳೆ ಬಿತ್ತೋ, ಸಾಬೂನು. ಸೀಳು ಸೀಳಾದ ಆಲ್ ಸೀಸನ್ ಬಟನ್‌ಗಳಿಗೆ ಎರೆಮಣ್ಣು ಮೆತ್ತಿಕೊಂಡರೆ ಐದೇ ನಿಮಿಷದಲ್ಲಿ ಟೈರು ಬೋಳಾದಂತೆಯೇ. ದೊಡ್ಡ ಬಸವೇಶ್ವರನ ಗುಡಿಗೆಂದು ಹೋದ ನನ್ನ ಸ್ನೇಹಿತರೊಬ್ಬರ ಕಾರು, ಹೊಸ ಆವೃತ್ತಿಯ ದುಬಾರಿ ಟೈರು ಹಾಕಿಕೊಂಡೇ, ಅಂಥ ಮಣ್ಣಿನಲ್ಲಿ ಅಡ್ಡ ಜಾರಿ ಕಾಲುವೆಯ ಏರಿಗೆ ಒರಗಿ ನಿಂತಿತ್ತು. ಆ ದಾರಿಯುದ್ದಕ್ಕೂ ಊರಿನ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ ಬೇರೆ. ಅದರ ಮುಳ್ಳು ಟೈರಿನೊಳಗೆ ಮುರಿದು ಕೂತರೆ ಒಮ್ಮೆಗೇ ಪಂಚರ್ ಆಗುವುದಿಲ್ಲ, ದಿನಕ್ಕೆ ಒಂದೆರಡರಂತೆ ಗಾಳಿ ಕದಿಯುತ್ತದೆ. ಟ್ಯೂಬ್‌ಲೆಸ್ ಇದೆ ಎಂದು ನಾವು ನಿಶ್ಚಿಂತೆಯಿಂದ ಇರುತ್ತೇವೆ.

ಇನ್ನು ನಗರದ ಒಳಗೆ. ಇಲ್ಲಿ ಮಳೆ ಕಡಿಮೆ ಎಂಬುದೇ ಅಪಾಯ. ತಿಂಗಳುಗಟ್ಟಲೆ ರಸ್ತೆಯ ಮೇಲೆ ಅದಿರಿನ ಕೆಂಧೂಳು, ಲಾರಿಗಳ ಎಣ್ಣೆ ಕೂತಿರುತ್ತವೆ. ಮೊದಲ ಮಳೆಯ ಹತ್ತು ನಿಮಿಷ ಅದೆಲ್ಲ ಕಲಸಿ ಅಂಬಲಿಯಾಗುತ್ತದೆ. ದುರ್ಗಮ್ಮನ ಗುಡಿ ಹತ್ತಿರದ ಅಂಡರ್‌ಬ್ರಿಜ್‌ನಲ್ಲಿ ನೀರು ನಿಲ್ಲುವುದು ಊರಿಗೇ ಗೊತ್ತು. ನಿಂತ ನೀರಿನ ಮೇಲೆ ವೇಗವಾಗಿ ಹೋದರೆ ಟೈರಿನ ಕಾಲುವೆಗಳು ನೀರನ್ನು ಹೊರಗೆ ತಳ್ಳಬೇಕು. ಕಾಲುವೆ ಸವೆದಿದ್ದರೆ ಕಾರು ನೀರಿನ ಮೇಲೆ ತೇಲುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಕೇಳುವುದಿಲ್ಲ. ಕಾನೂನಿನ ಮಿತಿ 1.6 ಮಿಲಿಮೀಟರ್. ಕಾಲುವೆಯೊಳಗೆ ಅಡ್ಡಲಾಗಿ ಇರುವ ಸಣ್ಣ ದಿಣ್ಣೆಯ ಮಟ್ಟಕ್ಕೆ ಬಟನ್ ಬಂದರೆ ಆ ಮಿತಿ ಮುಟ್ಟಿತು ಎಂದರ್ಥ. ನನ್ನ ಮಾತು ಕೇಳಿದರೆ ಮಳೆಗಾಲದ ಮುಂಚೆ 3 ಇದ್ದಾಗಲೇ ಬದಲಿಸಿ.

ಇಷ್ಟೆಲ್ಲ ಹೇಳಿ ‘ಪರ್ಫಾರ್ಮೆನ್ಸ್’ ಎಂಬ ಮಾತನ್ನೂ ಗೇಲಿ ಮಾಡಬಹುದಿತ್ತು. ಪಕ್ಕೆಯ ಮೇಲಿನ ಎಚ್ ಅಂದರೆ ಗಂಟೆಗೆ 210 ಕಿಲೋಮೀಟರ್, ವಿ ಅಂದರೆ 240. ಕುರುಗೋಡು ರಸ್ತೆಯಲ್ಲಿ 240ರಲ್ಲಿ ಹೋಗಿ ಯಾರ ಮದುವೆ ಮಾಡಿಸಬೇಕು? ಆದರೆ ಇಲ್ಲೊಂದು ಸೂಕ್ಷ್ಮವಿದೆ. ವೇಗದ ಪರೀಕ್ಷೆ ಎಂದರೆ ಮೂಲತಃ ಶಾಖದ ಪರೀಕ್ಷೆ. ದೊಡ್ಡ ಉರುಳೆಯ ಮೇಲೆ ಟೈರನ್ನು ಓಡಿಸಿ, ವೇಗ ಏರಿಸುತ್ತ, ತನ್ನ ಬಿಸಿಗೆ ತಾನೇ ಹರಿಯದೆ ಉಳಿಯುತ್ತದೋ ನೋಡುತ್ತಾರೆ. ಹೆಚ್ಚಿನ ವೇಗದ ಟೈರಿನ ಉಕ್ಕಿನ ಪಟ್ಟಿಯ ಮೇಲೆ ಅದಕ್ಕೆಂದೇ ನೈಲಾನ್ ಹೊದಿಕೆ ಬಿಗಿದಿರುತ್ತಾರೆ. ಬೇರೆಯವರು ಅದನ್ನು ವೇಗಕ್ಕೆ ಬಳಸಲಿ, ನಾವು ಮೇ ತಿಂಗಳಿಗೆ ಬಳಸೋಣ. ಆಲ್ ಸೀಸನ್ ಪರ್ಫಾರ್ಮೆನ್ಸ್ ಎಂಬ ಜೋಡಿ ಹೆಸರಿನಲ್ಲಿ ನಮಗೆ ದಕ್ಕುವುದು ಎರಡನೆಯ ಪದ. ಹಾಗಂತ ಹುಡುಗರು 15 ಇಂಚಿನ ಡಿಸ್ಕ್ ತೆಗೆದು 17 ಇಂಚಿನ ಅಲಾಯ್ ಹಾಕಿಸಿ, ಚಪಾತಿಯಂಥ ಟೈರು ಸುತ್ತಿಕೊಂಡು ಹೊಸ ಹಂಪ್‌ಗಳ ಮೇಲೆ ಹಾರಿಸುವುದನ್ನು ನಾನು ಇದಕ್ಕೆ ಸೇರಿಸುವುದಿಲ್ಲ. ವಾರಕ್ಕೊಂದು ಪಕ್ಕೆ ಉಬ್ಬಿದ ಟೈರು ಅಂಗಡಿಗೆ ಬರುತ್ತದೆ.

ಹಾಗಾದರೆ ಏನು ಕೊಳ್ಳಬೇಕು? ನಾನು ಟೈರು ಕೊಂಡ ದಿನದ ಕತೆಯನ್ನೇ ಹೇಳುತ್ತೇನೆ. ಅಳತೆ 185/65 ಆರ್ 15, 88 ಎಚ್. ಈ 88 ಅಂದರೆ ಒಂದು ಟೈರು 560 ಕಿಲೋ ಹೊರುತ್ತದೆ. ಇದಕ್ಕಿಂತ ಕಡಿಮೆ ಅಂಕಿಯದನ್ನು ಅಗ್ಗಕ್ಕೆ ಸಿಕ್ಕಿತೆಂದು ಹಾಕಿಸಬಾರದು. ಅಂಗಡಿಯಲ್ಲಿ ಹೊಸ ಪ್ಯಾಟರ್ನ್‌ಗೆ ಟೈರೊಂದಕ್ಕೆ ಸಾವಿರದ ಮೇಲೆ ಹೆಚ್ಚು. ಎರಡನ್ನೂ ಬಿಸಿಲಿಗೆ ತರಿಸಿ ನಾಲ್ಕಂಕಿ ಓದಿದೆ. ಹೊಸ ಆವೃತ್ತಿಯದು 2023ರಲ್ಲಿ ಹುಟ್ಟಿದ್ದು, ಹಳೇ ಆವೃತ್ತಿಯದು 0825, ಅಂದರೆ 2025ರ ಎಂಟನೇ ವಾರದ್ದು, ಹುಟ್ಟಿ ಆರು ತಿಂಗಳೂ ಆಗಿರಲಿಲ್ಲ. ಹಳೇದೇ ಹೊಸದು, ಹೊಸದೇ ಹಳೇದು! ಕಂಪನಿ ಎರಡನ್ನೂ ಮಾಡುತ್ತಲೇ ಇರುತ್ತದೆ, ಓಡುವ ಮಾಲು ಹಳೇದಾದ್ದರಿಂದ ಅದರ ದಾಸ್ತಾನು ತಾಜಾ, ದುಬಾರಿಯದು ಮೂಲೆಯಲ್ಲಿ ಕೂತು ಒಣಗುತ್ತಿತ್ತು.

ಹಳೇದು ಮಳೆಯಲ್ಲಿ ಕೈಕೊಟ್ಟೀತೇ ಎಂಬ ಅಂಜಿಕೆಗೂ ಈಗ ಅಷ್ಟು ಕಾರಣವಿಲ್ಲ. ಒದ್ದೆ ರಸ್ತೆಯ ಹಿಡಿತ, ಉರುಳುವಾಗಿನ ಎಳೆತ, ಸದ್ದು ಇವುಗಳಿಗೆ ಕೇಂದ್ರ ಸಾರಿಗೆ ಸಚಿವಾಲಯ 2022ರಲ್ಲಿ ಕನಿಷ್ಠ ಮಟ್ಟ ಗೊತ್ತುಮಾಡಿ, 2023ರಿಂದ ಆಗಲೇ ಮಾರುಕಟ್ಟೆಯಲ್ಲಿದ್ದ ವಿನ್ಯಾಸಗಳಿಗೂ ಅದನ್ನು ಅನ್ವಯಿಸಿದೆ. ಹಾಗಾಗಿ ಈಗ ತಯಾರಾಗುವ ಹಳೇ ಪ್ಯಾಟರ್ನ್ ಕೂಡ ಆ ಪರೀಕ್ಷೆ ದಾಟಿದ್ದೇ.

ನನ್ನ ತೀರ್ಪು ಇಷ್ಟು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಎಂದು ಓಡಾಡುವವರಿಗೆ ಒಂದು ವರ್ಷದೊಳಗೆ ಹುಟ್ಟಿದ ಹಳೇ ಆವೃತ್ತಿ ಸಾಕು. ವಾರವಾರ ಹಿರಿಯೂರು ಮೇಲೆ ಬೆಂಗಳೂರಿಗೆ, ರಾತ್ರಿ ಮಳೆಯಲ್ಲಿ, ನೂರರ ಮೇಲೆ ಹೋಗುವವರು ಹೊಸದಕ್ಕೆ ಹೆಚ್ಚು ಕೊಟ್ಟರೆ ದಂಡವಲ್ಲ. ಒದ್ದೆ ರಸ್ತೆಯ ಬ್ರೇಕಿನಲ್ಲಿ ಉಳಿಯುವ ಒಂದೆರಡು ಮೀಟರು ಒಂದು ದಿನ ಲೆಕ್ಕಕ್ಕೆ ಬರುತ್ತದೆ. ಎರಡೇ ಟೈರು ಬದಲಿಸುವುದಾದರೆ ಹೊಸವನ್ನು ಹಿಂದಕ್ಕೆ ಹಾಕಿಸಿ. ಅಂಗಡಿಯವರು ಮುಂದಿನ ಚಕ್ರವೇ ಎಳೆಯುವುದು ಎಂದು ಮುಂದಕ್ಕೆ ಹಾಕಲು ನೋಡುತ್ತಾರೆ, ಆದರೆ ಮಳೆಯಲ್ಲಿ ಹಿಂಭಾಗ ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಸಾಮಾನ್ಯ ಚಾಲಕನ ಕೈಗೆ ಸಿಗುವುದಿಲ್ಲ. ಹೊಸ ಟೈರಿನ ಮೈಮೇಲೆ ಅಚ್ಚಿನ ಎಣ್ಣೆಯ ಜಾರು ಇರುತ್ತದೆ, ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ನಿಧಾನ.

ಅಳಿಯನಿಗೆ ಪ್ಲಸ್ ಹಾಕಿಸಿಕೋ ಎಂದೆ. ಅವನೂರಿನಲ್ಲಿ ಎಸ್‌ಗೆ ಅರ್ಥವಿದೆ, ಅಲ್ಲಿ ಹಳೇದು ಸಿಕ್ಕರೂ ಅದು ಗೋದಾಮಿನಲ್ಲಿ ಎಷ್ಟು ವರ್ಷ ಕೂತದ್ದೋ. ಅವನು ನಾಲ್ಕಂಕಿ ಓದಿ ನೋಡಿ, ತೃಪ್ತಿಯಾಗಿ, ಹಾಕಿಸಿಕೊಂಡ. ನಾನು ಹಳೇ ಪ್ಯಾಟರ್ನ್‌ನ ನಾಲ್ಕು ಟೈರು ತೆಗೆದುಕೊಂಡು, ಉಳಿದ ರೊಕ್ಕದಲ್ಲಿ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸಿ, ಸ್ವಂತದ್ದೊಂದು ಗಾಳಿ ಅಳೆಯುವ ಗೇಜ್ ಕೊಂಡೆ.

ಮನೆಗೆ ಬಂದು ಡಿಕ್ಕಿ ತೆಗೆದೆ. ಮ್ಯಾಟ್ ಎತ್ತಿ ಸ್ಟೆಪ್ನಿಯ ಧೂಳು ಒರೆಸಿದೆ. 2016ರದ್ದು. ನೆಲಕ್ಕೆ ತಾಗಿದ್ದು ಲೆಕ್ಕದ ದಿನ, ಬಟನ್ ಮೇಲಿನ ರಬ್ಬರ್ ಕೂದಲು ಕೂಡ ಹಾಗೇ ಇವೆ, ಪಕ್ಕೆಯಲ್ಲಿ ಮಾತ್ರ ಅದೇ ಕೆರೆಯ ತಳದ ಬಿರುಕು. ನಿಮ್ಮದನ್ನೂ ಈ ಭಾನುವಾರ ಒಮ್ಮೆ ತೆಗೆದು ಓದಿ ನೋಡಿ.